ಓಮ್ ಅಷ್ಟೇ ಸಾಲದು, ಪಾಟ್‌ನ ಟೇಪರನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿಕೊಳ್ಳುವ ಹವ್ಯಾಸಿಗಳಿಗಾಗಿ ತಮ್ಮ ವಿಜ್ಞಾನ ಪುಟದಲ್ಲಿ ಆಗಾಗ ಪ್ರಕಟವಾಗುವ ಸರ್ಕ್ಯೂಟ್‌ಗಳನ್ನು ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ಐಸಿಯ ಸಂಖ್ಯೆ, ಕೆಪಾಸಿಟರಿನ ವೋಲ್ಟೇಜು, ಹೀಟ್‌ಸಿಂಕಿನ ಅಗತ್ಯ, ಇವೆಲ್ಲವನ್ನೂ ವಿವರವಾಗಿ ಕೊಡುವ ಈ ಲೇಖನಗಳು ವಾಲ್ಯೂಮ್ ಕಂಟ್ರೋಲಿನ ಸರದಿ ಬಂದಾಗ ಮಾತ್ರ ‘50 ಕಿಲೋ ಓಮ್ ಪೊಟೆನ್ಷಿಯೋಮೀಟರ್’ ಎಂದಷ್ಟೇ ಬರೆದು ಮುಂದೆ ಸಾಗುತ್ತವೆ. ಆ ಪಾಟ್ (ಗುಂಡಿ ತಿರುಗಿಸಿ ರೋಧ ಬದಲಿಸುವ ಬಿಡಿಭಾಗ) ಲೀನಿಯರ್ ಆಗಿರಬೇಕೋ ಲಾಗ್ ಆಗಿರಬೇಕೋ ಎಂಬುದನ್ನು ಹೇಳದ ಸರ್ಕ್ಯೂಟ್ ಅಪೂರ್ಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಗುಂಡಿಯನ್ನು ತಿರುಗಿಸಿದಂತೆ ರೋಧ ಯಾವ ಕ್ರಮದಲ್ಲಿ ಬದಲಾಗುತ್ತದೆ ಎಂಬುದೇ ಟೇಪರ್. ಲೀನಿಯರ್ ಪಾಟ್‌ನಲ್ಲಿ ಅರ್ಧ ತಿರುಗಿಸಿದರೆ ಅರ್ಧ ರೋಧ ಸಿಗುತ್ತದೆ. ಮೇಲ್ನೋಟಕ್ಕೆ ಇದೇ ನ್ಯಾಯವೆನಿಸಿದರೂ ನಮ್ಮ ಕಿವಿ ಶಬ್ದವನ್ನು ಅಳೆಯುವುದು ಹಾಗಲ್ಲ. ಸಂಕೇತದ ವೋಲ್ಟೇಜು ಅರ್ಧಕ್ಕಿಳಿದರೆ ಕಡಿಮೆಯಾಗುವುದು 6 ಡೆಸಿಬಲ್ (ಶಬ್ದಮಟ್ಟದ ಅಳತೆ) ಮಾತ್ರ. ಸದ್ದು ಅರ್ಧಕ್ಕಿಳಿಯಿತೆಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಒಟ್ಟು 300 ಡಿಗ್ರಿ ತಿರುಗುವ ಲೀನಿಯರ್ ಪಾಟ್‌ನ ಲೆಕ್ಕವನ್ನೇ ನೋಡಿ. ಮೊದಲ 30 ಡಿಗ್ರಿಯೊಳಗೇ ಶಬ್ದ ಪೂರ್ಣ ಮೌನದಿಂದ ಗರಿಷ್ಠ ಮಟ್ಟಕ್ಕಿಂತ 20 ಡೆಸಿಬಲ್ ಕೆಳಗಿನವರೆಗೆ ಏರಿಬಿಡುತ್ತದೆ, ಉಳಿದ 270 ಡಿಗ್ರಿಗೆ ಸಿಗುವುದು ಬರೀ 20 ಡೆಸಿಬಲ್. ರಾತ್ರಿ ಮೆಲುದನಿಯಲ್ಲಿ ಹಾಡು ಕೇಳಬಯಸುವವರು ಗುಂಡಿಯನ್ನು ಕೂದಲೆಳೆಯಷ್ಟು ಅಲುಗಿಸಿದರೂ ಸದ್ದು ಒಮ್ಮೆಲೇ ಏರುತ್ತದೆ. ಅರ್ಧ ದಾಟಿದ ಮೇಲೆ ಎಷ್ಟು ತಿರುಗಿಸಿದರೂ ಹೆಚ್ಚಿನ ವ್ಯತ್ಯಾಸವೇ ಕೇಳಿಸುವುದಿಲ್ಲ. ಹೊಸದಾಗಿ ಕಟ್ಟಿದವರು ಆಗ ದೋಷವನ್ನು ಆಂಪ್ಲಿಫೈಯರಿನಲ್ಲಿ ಹುಡುಕತೊಡಗುತ್ತಾರೆ.

ಲಾಗ್ ಪಾಟ್ ಈ ತೊಂದರೆಯನ್ನು ನೀಗಿಸುತ್ತದೆ. ಗುಂಡಿ ನಡುವಿನಲ್ಲಿದ್ದಾಗ ಅದರ ವೈಪರ್ (ರೋಧದ ಪಟ್ಟಿಯ ಮೇಲೆ ಜಾರುವ, ನಡುಗಾಲಿಗೆ ಸೇರಿದ ಭಾಗ) ಕೊಡುವುದು ಒಟ್ಟು ರೋಧದ ಸುಮಾರು 10ರಿಂದ 20 ಪ್ರತಿಶತ ಮಾತ್ರ. 10 ಪ್ರತಿಶತವಾದರೆ ಅದು 20 ಡೆಸಿಬಲ್ ಇಳಿಕೆ. ಹೆಸರು ಲಾಗ್ ಎಂದಿದ್ದರೂ ಸಾಮಾನ್ಯ ದರ್ಜೆಯ ಪಾಟ್‌ಗಳಲ್ಲಿ ನಿಜವಾದ ಲಾಗರಿದಮ್ ರೇಖೆ ಇರುವುದಿಲ್ಲ. ಬೇರೆ ಬೇರೆ ರೋಧಕತೆಯ ಎರಡು ಪಟ್ಟಿಗಳನ್ನು ಜೋಡಿಸಿ ಆ ರೇಖೆಗೆ ಹತ್ತಿರವಾಗುವಂತೆ ಮಾಡಿರುತ್ತಾರೆ. ಸ್ಟೀರಿಯೋ ಪಾಟ್‌ನ ಎರಡೂ ಭಾಗಗಳು ಕೆಳ ಮಟ್ಟದಲ್ಲಿ ಒಂದಕ್ಕೊಂದು ಹೊಂದದೆ, ಸದ್ದು ಕಡಿಮೆ ಮಾಡಿದಾಗ ಹಾಡು ಒಂದು ಬದಿಗೆ ವಾಲಿದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ಲಾಗ್ ಪಾಟ್ ಸಿಗದಿದ್ದಾಗ ಹವ್ಯಾಸಿಗಳು ಬಳಸುವ ಉಪಾಯವನ್ನೂ ಲೇಖಕರು ತಿಳಿಸಬಹುದು. 100 ಕಿಲೋ ಓಮಿನ ಲೀನಿಯರ್ ಪಾಟ್‌ನ ವೈಪರ್ ಮತ್ತು ಗ್ರೌಂಡ್ ನಡುವೆ 15 ಕಿಲೋ ಓಮಿನ ರೆಸಿಸ್ಟರ್ ಬೆಸುಗೆ ಹಾಕಿದರೆ, ನಡುವಿನಲ್ಲಿ ಸಿಗುವ ವೋಲ್ಟೇಜು 50ರ ಬದಲು ಸುಮಾರು 19 ಪ್ರತಿಶತಕ್ಕೆ ಇಳಿಯುತ್ತದೆ, ಎಂದರೆ 14.5 ಡೆಸಿಬಲ್ ಇಳಿಕೆ. ಆದರೆ ಗುಂಡಿಯನ್ನು ಪೂರ್ತಿ ಏರಿಸಿದಾಗ ಪಾಟ್‌ಗೆ ಸಂಕೇತ ಕಳಿಸುವ ಹಿಂದಿನ ಹಂತಕ್ಕೆ ಕಾಣುವ ರೋಧ 100ರಿಂದ ಸುಮಾರು 13 ಕಿಲೋ ಓಮಿಗೆ ಕುಸಿಯುತ್ತದೆ. ಆಪ್‌ಆಂಪ್ (ಸಂಕೇತವನ್ನು ವರ್ಧಿಸುವ ಐಸಿ) ಇದನ್ನು ಸಲೀಸಾಗಿ ತಾಳಿಕೊಳ್ಳುತ್ತದೆ, ತಂತಿಯ ಕಂಪನವನ್ನು ಸಂಕೇತವಾಗಿಸುವ ಗಿಟಾರಿನ ಪಿಕಪ್ ತಾಳಿಕೊಳ್ಳುವುದಿಲ್ಲ.

ಹಾಗೆಂದು ಎಲ್ಲೆಡೆ ಲಾಗ್ ಹಾಕುವುದೂ ಸರಿಯಲ್ಲ. ಬ್ರಿಟಿಷ್ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಬಾಸ್-ಟ್ರೆಬಲ್ ಸರ್ಕ್ಯೂಟಿಗೆ ಲೀನಿಯರ್ ಪಾಟ್‌ಗಳೇ ಬೇಕು, ಏಕೆಂದರೆ ಗುಂಡಿ ನಡುವಿನಲ್ಲಿದ್ದಾಗ ಹೆಚ್ಚೂ ಇಲ್ಲದ ಕಡಿಮೆಯೂ ಇಲ್ಲದ ಸಮಸ್ಥಿತಿ ಸಿಗಬೇಕು. ಇನ್ನು ಆಪ್‌ಆಂಪ್‌ನ ಗೇನ್ (ಸಂಕೇತ ಎಷ್ಟು ಪಟ್ಟು ವರ್ಧಿಸುತ್ತದೆ ಎಂಬ ಅಳತೆ) ಕಂಟ್ರೋಲ್ ಕಥೆಯೇ ಬೇರೆ. ಫೀಡ್‌ಬ್ಯಾಕಿನಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ) 100 ಕಿಲೋ ಓಮ್ ಇಟ್ಟು, ಗ್ರೌಂಡಿನ ಕಡೆಗೆ 1 ಕಿಲೋ ಓಮಿನ ಜೊತೆ ಸರಣಿಯಲ್ಲಿ 100 ಕಿಲೋ ಓಮಿನ ಲೀನಿಯರ್ ಪಾಟ್ ಹಾಕಿದರೆ, ಗುಂಡಿಯ ಹತ್ತರಲ್ಲಿ ಒಂಬತ್ತು ಪಾಲು ತಿರುಗುವವರೆಗೆ ಗೇನ್ 2ರಿಂದ 10ಕ್ಕೆ ಮಾತ್ರ ಏರಿ, ಕೊನೆಯ ಒಂದು ಪಾಲಿನಲ್ಲಿ 101ಕ್ಕೆ ಜಿಗಿಯುತ್ತದೆ. ಇಲ್ಲಿ ಬೇಕಾದುದು ರಿವರ್ಸ್ ಲಾಗ್, ಎಂದರೆ ಲಾಗ್ ರೇಖೆಯನ್ನು ತಿರುಗುಮುರುಗಾಗಿಸಿದ ಪಾಟ್.

ಪಾಟ್‌ನ ಮೇಲೆ ಅಚ್ಚಾದ ಅಕ್ಷರವನ್ನು ನಂಬುವುದೂ ಅಪಾಯ. ಏಷ್ಯಾದ ತಯಾರಕರಲ್ಲಿ ಸಾಮಾನ್ಯವಾಗಿ ಎ ಎಂದರೆ ಲಾಗ್, ಬಿ ಎಂದರೆ ಲೀನಿಯರ್. ಯುರೋಪಿನ ಕೆಲವರಲ್ಲಿ ಎ ಎಂದರೇ ಲೀನಿಯರ್. ಸರ್ಕ್ಯೂಟಿನಿಂದ ಬಿಡಿಸಿದ 100 ಕಿಲೋ ಓಮಿನ ಪಾಟ್‌ನ ಗುಂಡಿಯನ್ನು ನಡುವಿಗೆ ತಂದು, ನಡುಗಾಲಿನಿಂದ ಒಂದೊಂದು ಬದಿಯ ಕಾಲಿಗೆ ಮಲ್ಟಿಮೀಟರ್ ಹಿಡಿದರೆ ಅನುಮಾನವೇ ಉಳಿಯುವುದಿಲ್ಲ. ಎರಡೂ ಕಡೆ ಸರಿಸುಮಾರು 50 ಕಿಲೋ ಓಮ್ ತೋರಿಸಿದರೆ ಲೀನಿಯರ್. ಒಂದು ಕಡೆ 12, ಇನ್ನೊಂದು ಕಡೆ 88 ತೋರಿಸಿ, ಆ ಚಿಕ್ಕ ಅಂಕಿ ಗುಂಡಿಯನ್ನು ಪೂರ್ತಿ ಇಳಿಸಿದಾಗ ವೈಪರ್ ಸೇರುವ ಕಾಲಿನ ಕಡೆಗಿದ್ದರೆ ಲಾಗ್, ಎದುರು ಬದಿಗಿದ್ದರೆ ರಿವರ್ಸ್ ಲಾಗ್.

ಆದ್ದರಿಂದ ಮುಂದಿನ ಸರ್ಕ್ಯೂಟ್‌ಗಳ ಬಿಡಿಭಾಗಗಳ ಪಟ್ಟಿಯಲ್ಲಿ ‘50 ಕಿಲೋ ಓಮ್, ಲಾಗ್, ಸ್ಟೀರಿಯೋ’ ಎಂಬಂತೆ ಟೇಪರನ್ನು ಅಕ್ಷರಸಂಕೇತದಲ್ಲಲ್ಲದೆ ಹೆಸರಿನಲ್ಲೇ ಮುದ್ರಿಸಬೇಕೆಂದೂ, ಈಗಾಗಲೇ ಪ್ರಕಟವಾಗಿರುವ ಸರ್ಕ್ಯೂಟ್‌ಗಳಿಗೆ ಲೇಖಕರಿಂದ ಈ ಮಾಹಿತಿಯನ್ನು ತರಿಸಿ ಒಂದು ತಿದ್ದುಪಡಿ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇತಿ,
ಹವ್ಯಾಸಿ ಓದುಗ