ಬಾಯಿಬಿಟ್ಟು ಹೇಳಿ, ಆಮೇಲೆ ಚಿಪ್ ಇಡಿ
ಮಾನ್ಯರೇ,
ಪೋಕರ್ ಟೂರ್ನಮೆಂಟ್‌ಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ತಪ್ಪು ಮೊತ್ತದಿಂದ. ಎದುರಾಳಿಯ ಬೆಟ್ (ಪಣ) 1,000 ಇದ್ದಾಗ ಮಾತಾಡದೆ 5,000ದ ಒಂದೇ ಚಿಪ್ (ಪಣದ ಬಿಲ್ಲೆ) ಇಟ್ಟರೆ ಅದು ಬರೀ ಕಾಲ್, ಅಂದರೆ ಎದುರಾಳಿಯಷ್ಟೇ ಪಣ. 4,000 ವಾಪಸ್ ಬರುತ್ತದೆ. ಚಿಪ್ ಮೇಜು ಮುಟ್ಟಿದ ಮೇಲೆ ‘ರೈಸ್’ (ಪಣ ಏರಿಸಿದೆ) ಎಂದರೆ ಲೆಕ್ಕಕ್ಕಿಲ್ಲ.

ನೋ ಲಿಮಿಟ್‌ನಲ್ಲಿ (ಪಣಕ್ಕೆ ಮೇಲ್ಮಿತಿ ಇಲ್ಲದ ಆಟದಲ್ಲಿ) ಇದೇ ಬೆಟ್‌ಗೆ ಸಣ್ಣ ಚಿಪ್‌ಗಳಲ್ಲಿ 1,400 ಇಟ್ಟರೂ ಕಾಲ್ ಅಷ್ಟೇ. 1,500 ಆಯಿತೋ, ಕನಿಷ್ಠ ಏರಿಕೆಯಾದ 1,000ದ ಅರ್ಧಕ್ಕೆ ತಲುಪಿದಂತೆ: 2,000ಕ್ಕೆ ಭರ್ತಿ ಮಾಡಲೇಬೇಕು. ಮೊದಲೇ ‘ರೈಸ್’ ಎಂದಿದ್ದರೆ ಈ ಅರ್ಧದ ಲೆಕ್ಕವೇ ಇಲ್ಲ, ಕನಿಷ್ಠ 2,000 ಕೊಡಲೇಬೇಕು.

ಎಲೆ ಹಂಚುವ ಡೀಲರ್‌ಗಳು ಮೊತ್ತವನ್ನು ತಕ್ಷಣ ಗಟ್ಟಿಯಾಗಿ ಹೇಳಬೇಕು. ಮುಂದಿನವರು ಆಡಿಬಿಟ್ಟ ಮೇಲೆ ತಿದ್ದುವುದು ಬಲು ಕಷ್ಟ; ಆಗ ತೀರ್ಪು ಕೊಡುವ ಫ್ಲೋರ್‌ನವರನ್ನೇ ಕರೆಯಿರಿ.
– ಓದುಗರೊಬ್ಬರು