ದೋಸ್ತನಿಗೊಂದು ಪತ್ರ: ಸೋಡಾ ಮುಚ್ಚಳದ ಮುದ್ರೆ

ದೋಸ್ತ,

ಹೇಗಿದ್ದೀಯ? ಬೀದರಿನಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಉದ್ದು ಕೊಯ್ಲಿಗೆ ಬಂದಿದೆ, ಊರ ಕಡೆ ಎಲ್ಲರೂ ಮುಗಿಲು ನೋಡುತ್ತಾ ಕೂತಿದ್ದಾರೆ. ನಿನ್ನೆ ಸಂಜೆ ಮಳೆ ನಿಂತಾಗ ಮದರಸಾ ಕಡೆ ನಡೆದು ಹೋದೆ. ನಮ್ಮ ಕಲ್ಲು ಅಲ್ಲೇ ಇದೆ. ಹತ್ತೊಂಬತ್ತನೇ ಬಾಗಿಲು ಮಾತ್ರ ಇನ್ನೂ ಸಿಕ್ಕಿಲ್ಲ.

ಇದನ್ನು ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ. ಹುಡುಗರಿದ್ದಾಗ ನಮ್ಮಿಬ್ಬರದೂ ಒಂದು ದಪ್ಪ ನೋಟ್‌ಬುಕ್ ಇತ್ತು. ಪೇಪರಿನಲ್ಲಿ ಬಂದ ನಿಗೂಢ ಸುದ್ದಿಗಳನ್ನೆಲ್ಲ ಕತ್ತರಿಸಿ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದೆವು. ನೇತಾಜಿಗೆ ಅರ್ಧ ಪುಸ್ತಕ, ಶಾಸ್ತ್ರಿಯವರಿಗೆ ಆರು ಪುಟ. ಉಳಿದದ್ದೆಲ್ಲ ಕೋಟೆಯ ಸುರಂಗಕ್ಕೆ. ಅದು ಗೋಲ್ಕೊಂಡಕ್ಕೆ ಹೋಗುತ್ತದೆ ಅಂತ ನೀನು, ಕಲ್ಯಾಣಕ್ಕೆ ಅಂತ ನಾನು. ದೊಡ್ಡವರಾದ ಮೇಲೆ ನೌಬಾದಿನ ಕರೇಜ್ ನೋಡಿದೆವಲ್ಲ, ನೆಲದೊಳಗೆ ನಿಜವಾಗಿಯೂ ಸುರಂಗ! ಅದರಲ್ಲಿ ರಾಜರು ಓಡಿಹೋಗುತ್ತಿರಲಿಲ್ಲ, ನೀರು ಹರಿಯುತ್ತಿತ್ತು. ಬಹಮನಿ ಕಾಲದಲ್ಲಿ ಪರ್ಷಿಯಾದಿಂದ ಬಂದ ವಿದ್ಯೆ ಅದು. ಅವತ್ತು ನಿನ್ನ ಮುಖ ಸಪ್ಪಗಾದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಗುಟ್ಟು ಬಯಲಾದರೆ ಯಾಕೆ ಅಷ್ಟು ಬೇಜಾರಾಗುತ್ತದೆ ಅಂತ ನೀನು ಕೇಳಿದ್ದೆ. ಆಗ ನನ್ನ ಬಳಿ ಉತ್ತರ ಇರಲಿಲ್ಲ.

ಈಗ ಸ್ವಲ್ಪ ಗೊತ್ತಾಗಿದೆ ಅನಿಸುತ್ತದೆ. ಅದನ್ನು ಹೇಳಬೇಕೆಂದೇ ಕೂತೆ.

ಮದರಸಾ ಕಟ್ಟಿಸಿದ, ಬಹಮನಿ ಸುಲ್ತಾನನ ಪ್ರಧಾನಿ ಮಹಮೂದ್ ಗವಾನನ ಕಥೆ ನಮ್ಮೂರಿನ ಎಲ್ಲರಿಗೂ ಗೊತ್ತು. 1472ರಲ್ಲಿ ಕಟ್ಟಿಸಿದ, 1481ರಲ್ಲಿ ತಲೆ ಕಳೆದುಕೊಂಡ. ಹೇಗೆ ಅನ್ನುವುದನ್ನು ಮಾತ್ರ ನಿಧಾನಕ್ಕೆ ಓದಬೇಕು. ವೈರಿಗಳು ಅವನ ಮುದ್ರೆ ಇಟ್ಟುಕೊಂಡಿದ್ದ ಆಳಿನ ಸ್ನೇಹ ಬೆಳೆಸಿದರು. ಕುಡಿಸಿದರು. ಮಡಚಿದ ಕಾಗದ ಮುಂದಿಟ್ಟು, ಇದು ನಮ್ಮವನೊಬ್ಬನ ಲೆಕ್ಕ, ಒಂದು ಮುದ್ರೆ ಒತ್ತಿಬಿಡು ಅಂದರು. ಅವನು ಬಿಚ್ಚಿಯೂ ನೋಡಲಿಲ್ಲ. ಒಳಗೆ ಕಾಗದ ಖಾಲಿ ಇತ್ತು. ಗವಾನನೇ ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆದಂತೆ ಆಮೇಲೆ ಅದರಲ್ಲಿ ಬರೆದರು. ಕೊಂಡಪಲ್ಲಿಯ ಬಿಡಾರದಲ್ಲಿ ಸುಲ್ತಾನ ಅದನ್ನು ತೋರಿಸಿದಾಗ, ಮುದ್ರೆ ನನ್ನದು, ಕಾಗದ ನನ್ನದಲ್ಲ ಅಂದನಂತೆ ಆ ಮುದುಕ. ಯಾರು ಕೇಳುತ್ತಾರೆ? ವರ್ಷ ತುಂಬುವುದರೊಳಗೆ ಸುಲ್ತಾನನೂ ಸತ್ತ. ಬರಬರುತ್ತಾ ರಾಜ್ಯವೇ ಐದು ಪಾಲಾಯಿತು.

ಇದರಲ್ಲಿ ಗುಟ್ಟೇನೂ ಉಳಿದಿಲ್ಲ, ಅಲ್ವಾ? ಯಾರು, ಯಾಕೆ, ಹೇಗೆ ಎಲ್ಲ ಗೊತ್ತು. ಅದಕ್ಕೇ ನಮ್ಮ ನೋಟ್‌ಬುಕ್ಕಿನಲ್ಲಿ ಗವಾನನಿಗೆ ಒಂದು ಪುಟವೂ ಸಿಗಲಿಲ್ಲ. ಊರಿನ ನಿಜವಾದ ಪಿತೂರಿ ಬಿಟ್ಟು ಇಲ್ಲದ ಸುರಂಗ ಹುಡುಕಿದೆವು.

ನೇತಾಜಿ ವಿಷಯ ಬೇರೆ. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ ವಿಮಾನ ಬಿತ್ತು ಅಂತ ಸುದ್ದಿ. 1956ರಲ್ಲಿ ಒಂದು ಸಮಿತಿ, 1970ರಲ್ಲಿ ಖೋಸ್ಲಾ ಆಯೋಗ. ಎರಡೂ ವಿಮಾನ ಅಪಘಾತವೇ ಅಂದವು. ಮೂರನೆಯದು ಮುಖರ್ಜಿ ಆಯೋಗ, ಅಲ್ಲ ಅಂದಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ನಾವು ಇದನ್ನೆಲ್ಲ ಬಾಯಿಪಾಠ ಮಾಡಿದ್ದೆವು. ಆದರೆ ಒಂದು ಸಂಗತಿಯನ್ನು ಓದಿಯೂ ಓದದಂತೆ ದಾಟಿಬಿಟ್ಟಿದ್ದೆವು. ಆ ಮೊದಲ ಸಮಿತಿಯಲ್ಲಿ ಇದ್ದವರು ಮೂರು ಜನ. ವರದಿ ಒಪ್ಪದೆ ಬೇರೆಯೇ ಬರೆದುಕೊಟ್ಟವರು ಸುರೇಶಚಂದ್ರ ಬೋಸ್. ನೇತಾಜಿಯ ಅಣ್ಣ. ತಮ್ಮ ಸತ್ತ ಅನ್ನುವ ಕಾಗದಕ್ಕೆ ಅಣ್ಣ ಸಹಿ ಹಾಕಲಿಲ್ಲ ದೋಸ್ತ. ಸಾಕ್ಷಿ, ಪುರಾವೆ ಅಂತ ಅವರ ಕಾರಣಗಳು ಅವರಿಗಿದ್ದವು. ನನಗೆ ಮಾತ್ರ ಈಗ ಕಾಣುವುದು ಆ ಕೈ, ಆ ಪೆನ್ನು.

ಶಾಸ್ತ್ರಿಯವರದೂ ಹಾಗೇ. 1966ರ ಜನವರಿಯಲ್ಲಿ ತಾಷ್ಕೆಂಟಿನಿಂದ ದೇಹ ಬಂತು, ಮರಣೋತ್ತರ ಪರೀಕ್ಷೆ ಆಗಲಿಲ್ಲ. ಪ್ರಶ್ನೆ ಮನೆಯವರ ಬಾಯಲ್ಲೂ ಎದ್ದಿತು. ದೇಶವೂ ಕೇಳಿತು.

ನಮ್ಮ ಸಣ್ಣ ಕಾಕಾ ನಿನಗೆ ನೆನಪಿರಬೇಕು. ಹೊಲದ ಪಾಲಿನ ವಿಷಯಕ್ಕೆ ಅಪ್ಪನ ಜೊತೆ ಜಗಳ ಮಾಡಿಕೊಂಡು ಒಂದು ರಾತ್ರಿ ಹೋದವನು. ಮತ್ತೆ ಬರಲಿಲ್ಲ. ಆಯಿ, ನಮ್ಮ ಅಜ್ಜಿ, ದಿನಾ ರಾತ್ರಿ ಬುಟ್ಟಿಯಲ್ಲಿ ಒಂದು ರೊಟ್ಟಿ ಅವನಿಗೆ ಅಂತ ಎತ್ತಿಡುತ್ತಿದ್ದಳು. ಬೆಳಿಗ್ಗೆ ಅದು ಎಮ್ಮೆಗೆ. ಭಿವಂಡಿಯ ಮಗ್ಗದಲ್ಲಿ ನೋಡಿದೆ ಅಂತ ಊರವನೊಬ್ಬ ಹೇಳಿದ ಮೇಲೆ ಆಯಿ ಊಟವನ್ನೇ ಬಿಟ್ಟಳು. ಯುಗಾದಿ ಮುಗಿಸಿ ಹುಡುಕಲು ಹೋಗುತ್ತೇನೆ ಅಂತ ಅಪ್ಪ ಟಿಕೆಟ್ಟಿನ ದುಡ್ಡು ಹೊಂದಿಸುತ್ತಿದ್ದ.

ಆಗ ನಾನು ಒಂದು ಇನ್‌ಲ್ಯಾಂಡ್ ಪತ್ರ ತಂದೆ. ಎಡಗೈಯಲ್ಲಿ ಬರೆದೆ. ಅವ್ವಾ, ನಾನು ಸೂರತ್ತಿನಲ್ಲಿ ಆರಾಮ ಇದ್ದೀನಿ, ಕೆಲಸ ಮುಗಿದ ಕೂಡಲೇ ಬರ್ತೀನಿ, ಹೊಟ್ಟೆ ತುಂಬ ಉಣ್ಣು ಅಂತ. ಅಂಚೆ ಮುದ್ರೆ ಇಲ್ಲದಿದ್ದರೆ ನಂಬಿಕೆ ಹೇಗೆ ಬರುತ್ತದೆ? ಸೋಡಾ ಬಾಟಲಿಯ ಮುಚ್ಚಳವನ್ನು ಶಾಲೆಯ ಇಂಕ್ ಪ್ಯಾಡಿನಲ್ಲಿ ಅದ್ದಿ ಒತ್ತಿದೆ. ಆಯಿಗೆ ಓದು ಬರುತ್ತಿರಲಿಲ್ಲ. ಮನೆಯಲ್ಲಿ ಕಾಗದ ಓದುವವನೂ ನಾನೇ. ಅವತ್ತು ರಾತ್ರಿ ಅವಳು ಎರಡು ರೊಟ್ಟಿ ಉಂಡಳು. ನನಗೆ ಆಗ 12 ವರ್ಷ.

ಇಷ್ಟೇ ಬರೆದು ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ.

ಅಪ್ಪ ಭಿವಂಡಿಗೆ ಹೋಗಲಿಲ್ಲ. ಸಂಜೆ ಹೊಲದಿಂದ ಬಂದವನು ಪತ್ರವನ್ನು ದೀಪದ ಹತ್ತಿರ ಹಿಡಿದು ನೋಡಿದ. ನನ್ನ ಅಕ್ಷರ ದಿನಾ ನೋಡುವ ಮನುಷ್ಯ. ನನ್ನ ಕಡೆ ಒಮ್ಮೆ ತಿರುಗಿದ. ಆಮೇಲೆ ಮಡಚಿ ಆಯಿಯ ಕೈಗೆ ಕೊಟ್ಟು, ಸೂರತ್ ಅಂತ, ಆರಾಮ ಇದ್ದಾನಂತ ಅಂದ. ಆ ಒಂದು ನೋಟ ನನ್ನೊಳಗೆ ಮೂವತ್ತು ವರ್ಷದಿಂದ ಕೂತಿದೆ. ಅಪ್ಪನಿಗೆ ಗೊತ್ತಾಗಿತ್ತಾ? ಗೊತ್ತಿದ್ದೂ ಸುಮ್ಮನಾದನಾ? ಜಗಳ ಆಡಿದ್ದು ಅವನೇ. ಹೋಗಿ ಹುಡುಕಿ, ಏನು ಕಾಣಬೇಕಾಗುತ್ತದೋ ಅನ್ನುವ ಭಯ ಅವನಿಗೂ ಇತ್ತಾ?

ಆಯಿ ಪ್ರತಿ ಅಮಾವಾಸ್ಯೆಗೆ ಅದೇ ಪತ್ರ ಓದಿಸುತ್ತಿದ್ದಳು. ನಾನು ಇದ್ದದ್ದರ ಜೊತೆ ಇಲ್ಲದ್ದನ್ನೂ ಸೇರಿಸುತ್ತಿದ್ದೆ. ಒಂದು ಸಲ ಸೂರತ್ತಿನಲ್ಲಿ ಮಳೆ, ಇನ್ನೊಂದು ಸಲ ಹೊಸ ಚಪ್ಪಲಿ. ಒಮ್ಮೆ ಅವಳು ನನ್ನ ತಲೆ ಸವರಿ, "ಒಂದ ಕಾಗದ ಎಷ್ಟ ಸುದ್ದಿ ಹೇಳ್ತದಪ್ಪಾ" ಅಂದಳು. ಓದು ಬಾರದವಳಿಗೆ ಲೆಕ್ಕ ಬರುತ್ತಿತ್ತು.

ಹೋದ ತಿಂಗಳು ಮನೆಗೆ ಬಣ್ಣ ಹಚ್ಚಲು ಅವಳ ಟ್ರಂಕ್ ಇಳಿಸಿದೆ. ಸೀರೆಯ ತುಂಡಿನಲ್ಲಿ ಸುತ್ತಿದ ಆ ಪತ್ರ ಸಿಕ್ಕಿತು. ಮಡಿಕೆಯ ಗೆರೆಗಳು ಹರಿದು ನಾಲ್ಕು ಚೂರಾಗಿದೆ. ಮುದ್ರೆ ಮಾತ್ರ ಹಾಗೇ ಇದೆ. ಮುಚ್ಚಳದ ಹಲ್ಲು ಎಣಿಸಿದೆ, 21. ಇಬ್ಬರೂ ಹೋಗಿ ವರ್ಷಗಳಾದವು, ಇನ್ನು ಯಾರನ್ನು ಕೇಳಲಿ? ನಿಜ ಹೇಳಬೇಕೆಂದರೆ, ಕೇಳುವುದು ನನಗೆ ಬೇಕಾಗಿಯೂ ಇಲ್ಲ. ಕಾಕಾನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ತಿಥಿ ಮಾಡಿಲ್ಲ. ಅದನ್ನು ಮಾಡಬೇಕಾದವನು ಈಗ ನಾನು. ಪ್ರತಿ ಮಹಾಲಯಕ್ಕೆ ಭಟ್ಟರು ಹೆಸರು ಕೇಳಿದಾಗ ಅವನ ಹೆಸರು ಬಿಟ್ಟು ಹೇಳುತ್ತೇನೆ. ನೇತಾಜಿಯ ಅಣ್ಣನ ಕೈ ಕಾಣುತ್ತದೆ ಅಂದೆನಲ್ಲ, ಅದು ಆಗ.

ಸಾಕು, ಮಳೆ ಮತ್ತೆ ಶುರುವಾಯಿತು. ನೋಟ್‌ಬುಕ್ ನಿನ್ನ ಹತ್ತಿರವೇ ಇದ್ದರೆ ದಸರೆಗೆ ಬರುವಾಗ ತಾ, ಗವಾನನಿಗೆ ಎರಡು ಪುಟ ಕೊಡೋಣ. ಟಾರ್ಚನ್ನೂ ತಾ ಬ್ಯಾಟರಿ ಮಾಸ್ತರ್, ನೌಬಾದಿಗೆ ಹೋಗೋಣ.

ಮತ್ತೆ, ಆ ಮುಚ್ಚಳ ಕೊಟ್ಟವನು ನೀನೇ. ನಿನ್ನ ಡಬ್ಬಿಯಲ್ಲಿದ್ದ ಹಳದಿಯದು. ಯಾಕೆ ಅಂತ ಒಂದು ಮಾತೂ ಕೇಳದೆ ಕೊಟ್ಟೆ, ಆಮೇಲೆ ವಾಪಸ್ ಕೊಡು ಅಂತ ಒಂದು ವಾರ ಮಾತು ಬಿಟ್ಟೆ. ಅದೂ ಟ್ರಂಕಿನಲ್ಲೇ ಸಿಕ್ಕಿತು. ಎತ್ತಿಟ್ಟಿದ್ದೇನೆ, ಬಂದು ತಗೊಂಡು ಹೋಗು.

ನಿನ್ನ ದೋಸ್ತ
ಬೀದರ