ಮೀನಿನ ರಾಶಿ ನೋಡಿ ತಾಂಡೇಲನನ್ನು ಅಳೆಯಬಹುದೇ?

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರೆಂಬ ಬಗ್ಗೆ ಶಿರಸಿಯ ಓದುಗರೊಬ್ಬರು ಬರೆದ ಪತ್ರ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಈ ಆಟವನ್ನು ನೋಡುವವರು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕೆಂದು ತಿಳಿದಿದ್ದ ನನಗೆ ಘಟ್ಟದ ಮೇಲೂ ಒಬ್ಬರು ಸೋಮವಾರ ಬೆಳಗಿನ ಐದು ಗಂಟೆಗೆ ಎದ್ದು ಈ ಆಟದ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್ ನೋಡುತ್ತಾರೆಂದು ತಿಳಿದು ಸಂತೋಷವಾಯಿತು. ಆದರೆ ‘ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿಯೇ ಶ್ರೇಷ್ಠ, ಇದರಲ್ಲಿ ಚರ್ಚೆಗೆ ಎಡೆಯೇ ಇಲ್ಲ’ ಎಂಬ ಅವರ ತೀರ್ಪನ್ನು ಒಪ್ಪಲಾಗುತ್ತಿಲ್ಲ. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ವಾಲಿಬಾಲ್, ಕಬಡ್ಡಿ ಕಲಿಸಿ ನಿವೃತ್ತನಾದ ನನಗೆ, ತಂಡದ ಗೆಲುವನ್ನು ಒಬ್ಬನ ಖಾತೆಗೆ ಬರೆಯುವ ಅಭ್ಯಾಸ ಯಾವ ಆಟದಲ್ಲಿ ಕಂಡರೂ ಸ್ವಲ್ಪ ಕಸಿವಿಸಿಯಾಗುತ್ತದೆ.

ಈ ಆಟವನ್ನು ಕಾಣದವರಿಗಾಗಿ ನಾಲ್ಕು ಮಾತು. ಪ್ರತಿ ತಂಡದಿಂದ ಹನ್ನೊಂದು ಜನ ಅಂಕಣದಲ್ಲಿರುತ್ತಾರೆ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಯತ್ನ, ಸಾಗದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕಿನ ಕೈಗೆ. ಓಡುವವನಿಗೆ ಕೊಡಬೇಕೋ, ದೂರಕ್ಕೆ ಎಸೆಯಬೇಕೋ, ಎಸೆದರೆ ಐವರಲ್ಲಿ ಯಾರಿಗೆ ಎಂಬುದನ್ನು ಆತ ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಸಾಮಿಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಆದರೆ ಎದುರಾಳಿ ತಂಡ ಗಜ ಗೆಲ್ಲದಂತೆ ತಡೆಯುವ ಕೆಲಸದಲ್ಲಿ ಈತನ ಪಾತ್ರ ಸೊನ್ನೆ. ಆ ಹೊತ್ತಿಗೆ ಅವನು ಬೆಂಚಿನ ಮೇಲೆ ನೀರು ಕುಡಿಯುತ್ತ ಕುಳಿತಿರುತ್ತಾನೆ. ಹೀಗಾಗಿ ಇಬ್ಬರು ಕ್ವಾರ್ಟರ್‌ಬ್ಯಾಕುಗಳು ಒಂದೇ ಕ್ಷಣದಲ್ಲಿ ಅಂಕಣದಲ್ಲಿ ಎದುರುಬದುರಾಗುವುದೇ ಇಲ್ಲ. ಬ್ರೇಡಿಯವರ ಸಮಕಾಲೀನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ರ ಬಗ್ಗೆ ಶಿರಸಿಯವರು ಬರೆದಂತೆ ‘ಬ್ರೇಡಿ ಮ್ಯಾನಿಂಗ್‌ರನ್ನು 11 ಸಲ ಸೋಲಿಸಿದ್ದಾರೆ’ ಎಂಬ ಲೆಕ್ಕ ನಿಜವೇ, ಮ್ಯಾನಿಂಗ್ ಗೆದ್ದದ್ದು 6 ಸಲ. ಆದರೆ ಅಲ್ಲಿ ಗೆದ್ದದ್ದು ತಂಡ, ಸೋತದ್ದೂ ತಂಡ. ಆ ಲೆಕ್ಕವನ್ನೇ ಹಿಡಿದು ಹೊರಟರೆ, ಪೇಟನ್ ಮ್ಯಾನಿಂಗ್‌ರ ತಮ್ಮ ಈಲೈ ಮ್ಯಾನಿಂಗ್ ಎರಡು ಸೂಪರ್ ಬೌಲ್‌ಗಳಲ್ಲಿ ಬ್ರೇಡಿಯವರ ತಂಡವನ್ನು ಎದುರಿಸಿ ಎರಡನ್ನೂ ಗೆದ್ದಿದ್ದಾರೆ. ಹಾಗೆಂದು ಈಲೈ ಬ್ರೇಡಿಗಿಂತ ದೊಡ್ಡ ಆಟಗಾರರೆಂದು ಅವರ ಮನೆಯವರೂ ಹೇಳಲಿಕ್ಕಿಲ್ಲ.

ಪ್ರಶಸ್ತಿಯ ಸಂಖ್ಯೆಯೇ ಅಳತೆಗೋಲು ಎನ್ನುವುದಾದರೆ ಅದನ್ನೂ ಪ್ರಾಮಾಣಿಕವಾಗಿ ಎಣಿಸೋಣ. ಸೂಪರ್ ಬೌಲ್ ಎಂಬ ಪಂದ್ಯ ಶುರುವಾದದ್ದು 1967ರ ಜನವರಿಯಲ್ಲಿ. ಅದಕ್ಕೂ ಮೊದಲು ನಾಲ್ಕು ದಶಕಕ್ಕೂ ಹೆಚ್ಚು ಕಾಲ ವೃತ್ತಿಪರ ಲೀಗ್ ನಡೆದಿತ್ತು, ಚಾಂಪಿಯನ್ನರೂ ಇದ್ದರು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಆಟೊ ಗ್ರಹಾಂ 1946ರಿಂದ 1955ರವರೆಗೆ ಹತ್ತು ವರ್ಷ ಆಡಿದರು. ಆ ಹತ್ತೂ ವರ್ಷ ಅವರ ತಂಡ ಲೀಗಿನ ಅಂತಿಮ ಪಂದ್ಯ ತಲುಪಿತು, ಏಳು ಸಲ ಗೆದ್ದಿತು. ಮೊದಲ ನಾಲ್ಕು ಗೆಲುವು ಆಗಿನ ಪ್ರತಿಸ್ಪರ್ಧಿ ಲೀಗಿನಲ್ಲಿ, ಉಳಿದ ಮೂರು ಇಂದಿಗೂ ನಡೆಯುತ್ತಿರುವ ಮುಖ್ಯ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಎಂಬುದು ನಿಜ. ಆದರೆ ಎನ್‌ಎಫ್‌ಎಲ್ ಸೇರಿದ ಮೊದಲ ವರ್ಷವೇ, 1950ರಲ್ಲಿ, ಬ್ರೌನ್ಸ್ ಅಲ್ಲಿನ ಚಾಂಪಿಯನ್ ಆದರು. ಬ್ರೇಡಿಯವರದ್ದು 23 ಋತುಗಳಲ್ಲಿ ಏಳು ಪ್ರಶಸ್ತಿ, ಗ್ರಹಾಂರದ್ದು ಹತ್ತರಲ್ಲಿ ಏಳು. ಸೂಪರ್ ಬೌಲ್ ಗೆದ್ದವರಿಗೆ ಸಿಗುವ ಉಂಗುರ ಎಣಿಸುವವರ ಬಾಯಲ್ಲಿ ಗ್ರಹಾಂ ಹೆಸರು ಯಾಕೆ ಬರುವುದಿಲ್ಲ ಎಂಬುದನ್ನು ಶಿರಸಿಯವರು ತಿಳಿಸಬೇಕು.

ಸಂಖ್ಯೆಗಳನ್ನು ಕಾಲದಿಂದ ಕಾಲಕ್ಕೆ ಹೋಲಿಸುವುದು ಇನ್ನೂ ಕಷ್ಟ. ಇದು ನಮ್ಮ ಕಡಲತೀರದವರಿಗೆ ಬೇಗ ಅರ್ಥವಾಗುವ ವಿಷಯ. ನನ್ನ ಅಜ್ಜ ರಂಪಣಿ ಬಲೆ ಎಳೆದವರು. ನೀರಿನ ಬಣ್ಣ ನೋಡಿ, ಹಕ್ಕಿ ಎರಗುವ ಜಾಗ ನೋಡಿ ಬಂಗಡೆಯ ಹಿಂಡು ಎಲ್ಲಿದೆ ಎಂದು ಗುರುತಿಸಿ ಬಲೆ ಬಿಡಿಸುತ್ತಿದ್ದ, ದೋಣಿಯ ನಾಯಕರಾದ ತಾಂಡೇಲರ ಹೆಸರುಗಳನ್ನು ಅವರು ಸಾಯುವವರೆಗೂ ಹೇಳುತ್ತಿದ್ದರು. ಹತ್ತಾರು ಜನ ದಡದಲ್ಲಿ ನಿಂತು ಹಗ್ಗ ಎಳೆದರೇ ಬಲೆ ಮೇಲೆ ಬರುವುದು. ಆದರೂ ಊರಿನಲ್ಲಿ ಹೆಸರು ಉಳಿಯುತ್ತಿದ್ದುದು ತಾಂಡೇಲನದ್ದು, ಮೀನು ಸಿಗದಿದ್ದರೆ ಬೈಗುಳವೂ ಅವನಿಗೇ. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರಚಾಲಿತ ಪರ್ಸೀನ್ ಬೋಟುಗಳು ಬಂದ ಮೇಲೆ ಒಂದು ದಿನದ ಮೀನಿನ ರಾಶಿ ರಂಪಣಿಯವರು ಕನಸಿನಲ್ಲೂ ಕಾಣದಷ್ಟಾಯಿತು. ಹಾಗೆಂದು ಬೈತಖೋಲ ಬಂದರಿನಲ್ಲಿ ಯಾರೂ ಪರ್ಸೀನ್ ತಾಂಡೇಲನ ರಾಶಿಯನ್ನು ತೋರಿಸಿ ರಂಪಣಿಯ ತಾಂಡೇಲನನ್ನು ಸಣ್ಣವನೆನ್ನಲಿಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1978ರಲ್ಲಿ, ಎನ್‌ಎಫ್‌ಎಲ್ ಕೂಡ ಬಲೆಯನ್ನೇ ಬದಲಾಯಿಸಿತು. ಚೆಂಡು ಹಿಡಿಯಲು ಓಡುವವನನ್ನು ಮೊದಲ ಐದು ಗಜದಾಚೆ ತಳ್ಳುವಂತಿಲ್ಲ ಎಂಬ ನಿಯಮ ಬಂತು. ಕ್ವಾರ್ಟರ್‌ಬ್ಯಾಕನ್ನು ಕಾಯುವವರು ಕೈಚಾಚಿ ತಡೆಯಬಹುದು ಎಂದೂ ಆಯಿತು. ಋತುವಿನ ಪಂದ್ಯಗಳು 14ರಿಂದ 16ಕ್ಕೆ ಏರಿದವು. ಇದರ ಪರಿಣಾಮ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. 1967ರಲ್ಲಿ ಜೋ ನೇಮತ್ 14 ಪಂದ್ಯಗಳಲ್ಲಿ ತಮ್ಮ ಎಸೆತಗಳಿಂದ ಒಟ್ಟು 4,007 ಗಜ ಗಳಿಸಿದಾಗ ಅದು ಅಲ್ಲಿಯವರೆಗೆ ಯಾರೂ ಮುಟ್ಟದ ಎತ್ತರವಾಗಿತ್ತು, ಮತ್ತೊಬ್ಬರು ಅದನ್ನು ಮುಟ್ಟಲು 1979 ಬರಬೇಕಾಯಿತು. 1984ರಲ್ಲಿ ಮಯಾಮಿಯ ಡ್ಯಾನ್ ಮರಿನೊ 5,084 ಗಜ, 48 ಟಚ್‌ಡೌನ್ (ಚೆಂಡು ಎದುರಾಳಿಯ ಗೋಲಿನ ಗೆರೆ ದಾಟಿ ಅಂಕ ತರುವುದು) ಎಸೆದರು. 2011ಕ್ಕೆ ಬರುವಷ್ಟರಲ್ಲಿ ಒಂದೇ ಋತುವಿನಲ್ಲಿ ಮೂವರು ಐದು ಸಾವಿರ ಗಜ ದಾಟಿದ್ದರು. ಬ್ರೇಡಿಯವರ 89,214 ಗಜ, 649 ಟಚ್‌ಡೌನ್ ಎಂಬ ಒಟ್ಟು ಲೆಕ್ಕವನ್ನು ಗೌರವಿಸುತ್ತಲೇ, ಅದರಲ್ಲಿ ಬೋಟಿನ ಪಾಲೆಷ್ಟು, ಬಲೆಯ ಪಾಲೆಷ್ಟು ಎಂದು ಕೇಳುವುದು ತಪ್ಪಲ್ಲ. ಅಂದಹಾಗೆ ಮರಿನೊ ಒಂದೂ ಸೂಪರ್ ಬೌಲ್ ಗೆಲ್ಲಲಿಲ್ಲ. ಅವರ ಕೈಚಳಕದ ಹಳೆಯ ದೃಶ್ಯಗಳನ್ನು ನೋಡಿದ ಮೇಲೂ ಅವರನ್ನು ಉಂಗುರದ ಲೆಕ್ಕದಲ್ಲಿ ಕೆಳಗಿಡುವವರೊಂದಿಗೆ ನನಗೆ ವಾದ ಮಾಡಲು ಮನಸ್ಸಿಲ್ಲ.

ಹಾಗಾದರೆ ನನ್ನ ಅಳತೆ ಯಾವುದು? ತಾಂಡೇಲ ಹಾಸಿಗೆ ಹಿಡಿದ ದಿನ ದೋಣಿಗೆ ಏನಾಯಿತು, ದೋಣಿ ಬದಲಾದಾಗ ತಾಂಡೇಲನಿಗೆ ಏನಾಯಿತು ಎಂಬೆರಡನ್ನು ನೋಡಬೇಕು. ಈ ಅಳತೆ ನನಗೆ ಹೊಳೆದದ್ದು ಪುಸ್ತಕದಿಂದಲ್ಲ. 2011ರ ಶರತ್ಕಾಲದಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಪತ್ನಿಯೂ ಇಂಡಿಯಾನಾಪೊಲಿಸ್‌ನಲ್ಲಿದ್ದೆವು. ಆ ಊರಿನ ಕೋಲ್ಟ್ಸ್ ತಂಡ ಹಿಂದಿನ ಒಂಬತ್ತು ವರ್ಷವೂ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಹಂತ, ಸೇರಿತ್ತು. 1998ರಿಂದ ಒಂದು ಪಂದ್ಯವನ್ನೂ ತಪ್ಪಿಸದೆ 208 ಪಂದ್ಯ ಸತತವಾಗಿ ಶುರುಮಾಡಿದ್ದ ಪೇಟನ್ ಮ್ಯಾನಿಂಗ್ ಆ ವರ್ಷ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ ಋತು ಹೊರಗುಳಿದರು. ತಂಡದಲ್ಲಿ ಉಳಿದವರು ಹೆಚ್ಚಾಗಿ ಹಳಬರೇ. ಆದರೆ ಮೊದಲ ಹದಿಮೂರು ಪಂದ್ಯಗಳನ್ನೂ ಸೋತರು. ನ್ಯೂ ಆರ್ಲಿಯನ್ಸ್‌ನಲ್ಲಿ 62-7ರಿಂದ ಸೋತ ರಾತ್ರಿ ಅಳಿಯ ಟಿವಿ ಆರಿಸಿ ಮಗುವನ್ನು ಎತ್ತಿಕೊಂಡು ಒಳಗೆ ಹೋದದ್ದು ನನಗಿನ್ನೂ ನೆನಪಿದೆ. ಹಿಂದಿನ ವರ್ಷ 10 ಗೆಲುವು ಕಂಡಿದ್ದ ತಂಡಕ್ಕೆ ಆ ವರ್ಷ ಸಿಕ್ಕದ್ದು 2. ನನ್ನ ಪಕ್ಷಪಾತ ಅಲ್ಲಿಂದಲೇ ಹುಟ್ಟಿರಬಹುದು, ಅದನ್ನು ಮುಚ್ಚಿಡುವುದಿಲ್ಲ.

ಇದರ ಪಕ್ಕದಲ್ಲಿ 2008ರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನಿಡಿ. ಋತುವಿನ ಮೊದಲ ಪಂದ್ಯದಲ್ಲೇ ಬ್ರೇಡಿಯವರ ಮಂಡಿಗೆ ಪೆಟ್ಟಾಗಿ ಇಡೀ ವರ್ಷ ಕೈತಪ್ಪಿತು. ಅವರ ಜಾಗಕ್ಕೆ ಬಂದ ಮ್ಯಾಟ್ ಕ್ಯಾಸೆಲ್, ಪ್ರೌಢಶಾಲೆಯ ದಿನಗಳ ನಂತರ ಒಂದು ಪಂದ್ಯವನ್ನೂ ಮೊದಲಿನಿಂದ ಆಡಿದವರಲ್ಲ. ಆದರೂ ತಂಡ 16ರಲ್ಲಿ 11 ಗೆದ್ದಿತು. ಹಿಂದಿನ ವರ್ಷದ 16ಕ್ಕೆ 16ರ ಮುಂದೆ ಅದು ಇಳಿಕೆಯೇ, ಪ್ಲೇಆಫ್ ಕೂಡ ತಪ್ಪಿತು, ಆದರೆ ಮುಳುಗಡೆಯಲ್ಲ. ತರಬೇತುದಾರ ಬಿಲ್ ಬೆಲಿಚಿಕ್ ಕಟ್ಟಿದ ದೋಣಿ ಅಷ್ಟು ಗಟ್ಟಿಯಾಗಿತ್ತು. ಬ್ರೇಡಿಯವರ ಮೊದಲ ಸೂಪರ್ ಬೌಲ್ ಗೆಲುವಿನಲ್ಲಿ ಅವರು ಎಸೆದದ್ದು 145 ಗಜ, ಪೇಟ್ರಿಯಟ್ಸ್ ಜೊತೆಗಿನ ಕೊನೆಯದರಲ್ಲಿ ತಂಡ ಗೆದ್ದದ್ದು 13-3ರಿಂದ, ಅದರಲ್ಲಿ ಅವರ ಎಸೆತದಿಂದ ಬಂದ ಟಚ್‌ಡೌನ್ ಒಂದೂ ಇಲ್ಲ. ಎದುರಾಳಿಯನ್ನು ಮೂರು ಅಂಕಕ್ಕೆ ಕಟ್ಟಿಹಾಕಿದ ರಕ್ಷಣಾ ಪಡೆಯ ಉಂಗುರವನ್ನು ನಾವು ಒಬ್ಬರ ಬೆರಳಿಗೇ ತೊಡಿಸುತ್ತಿದ್ದೇವೆ. ಅದೇ 2017ರ ಫೆಬ್ರುವರಿಯಲ್ಲಿ ಅಟ್ಲಾಂಟಾ ವಿರುದ್ಧ 28-3ರ ಹಿನ್ನಡೆಯಿಂದ ಎದ್ದು 34-28ಕ್ಕೆ ಮುಗಿಸಿದ ಪಂದ್ಯ ಸಂಪೂರ್ಣ ಅವರದ್ದು. 466 ಗಜ ಎಸೆದ ಆ ಬೆಳಗ್ಗೆ ನಾನು ಚಹಾ ಆರಿಹೋದದ್ದನ್ನೂ ಗಮನಿಸದೆ ಕುಳಿತಿದ್ದೆ.

ಬ್ರೇಡಿಯವರ ಪರವಾಗಿ ಎಲ್ಲಕ್ಕಿಂತ ಬಲವಾದ ವಾದವೊಂದಿದೆ, ಶಿರಸಿಯವರು ಅದನ್ನು ಎತ್ತಲೇ ಇಲ್ಲ. 2020ರಲ್ಲಿ, 43ನೇ ವಯಸ್ಸಿನಲ್ಲಿ, ಅವರು ದೋಣಿ ಬದಲಾಯಿಸಿದರು. ಹಿಂದಿನ ವರ್ಷ 7 ಗೆದ್ದು 9 ಸೋತಿದ್ದ ಟ್ಯಾಂಪಾ ಬೇ ತಂಡ ಅವರು ಬಂದ ವರ್ಷವೇ ಸೂಪರ್ ಬೌಲ್ ಗೆದ್ದಿತು. ಅವರು ಬಿಟ್ಟುಹೋದ ಪೇಟ್ರಿಯಟ್ಸ್ 12 ಗೆಲುವಿನಿಂದ 7ಕ್ಕೆ ಇಳಿಯಿತು. ನನ್ನದೇ ಅಳತೆಯಲ್ಲಿ ಇದು ಬ್ರೇಡಿಯವರಿಗೆ ಸಲ್ಲಬೇಕಾದ ದೊಡ್ಡ ಅಂಕ. ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಂಡಾಗ 199ನೆಯವರಾಗಿ ಆಯ್ಕೆಯಾದ ಹುಡುಗ ಇಲ್ಲಿಯವರೆಗೆ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಮ್ಯಾನಿಂಗ್ ಕೂಡ 2012ರಲ್ಲಿ ದೋಣಿ ಬದಲಾಯಿಸಿದವರೇ, ಅದೂ ನಾಲ್ಕು ಶಸ್ತ್ರಚಿಕಿತ್ಸೆಗಳ ನಂತರ ಕೈಯ ಬಲ ಕುಂದಿದ್ದಾಗ. ಡೆನ್ವರ್ ತಂಡ 8 ಗೆಲುವಿನಿಂದ 13ಕ್ಕೆ ಏರಿತು, ಮರುವರ್ಷ ಅವರು 55 ಟಚ್‌ಡೌನ್, 5,477 ಗಜ ಎಸೆದು ಎರಡರಲ್ಲೂ ಒಂದು ಋತುವಿನ ದಾಖಲೆ ಬರೆದರು.

ನಾನು ಮ್ಯಾನಿಂಗ್‌ರನ್ನು ಮುಂದಿಡಲು ಇನ್ನೊಂದು ಕಾರಣ ಆ ಕೊನೆಯ ಹದಿನೈದು ಸೆಕೆಂಡು. 1994ರಿಂದ ಕ್ವಾರ್ಟರ್‌ಬ್ಯಾಕಿನ ಶಿರಸ್ತ್ರಾಣದೊಳಗೆ ಸಣ್ಣ ರೇಡಿಯೊ ಇರುತ್ತದೆ. ಮುಂದಿನ ಯತ್ನ ಹೇಗಿರಬೇಕೆಂದು ತರಬೇತುದಾರರು ಅದರ ಮೂಲಕ ಹೇಳುತ್ತಾರೆ. ಯತ್ನ ಶುರುಮಾಡಲು ಕೊಟ್ಟ ಸಮಯದಲ್ಲಿ ಹದಿನೈದು ಸೆಕೆಂಡು ಉಳಿದಾಗ ರೇಡಿಯೊ ತಾನಾಗಿ ಕಡಿದುಹೋಗುತ್ತದೆ. ಆಮೇಲೆ ಎದುರಿನ ಪಡೆ ಜಾಗ ಬದಲಾಯಿಸಿದರೆ ಕೇಳಲು ಯಾರೂ ಇಲ್ಲ. ಹಲವರು ಹೇಳಿದ್ದನ್ನು ಆಡಿ ಮುಗಿಸುತ್ತಾರೆ. ಮ್ಯಾನಿಂಗ್ ಆಗಲೇ ಕೆಲಸ ಶುರುಮಾಡುತ್ತಿದ್ದರು: ಗೆರೆಯ ಹಿಂದೆ ಆಚೀಚೆ ನಡೆಯುತ್ತ, ಎದುರಾಳಿಯ ಒಬ್ಬೊಬ್ಬನನ್ನೂ ಬೆರಳಿನಿಂದ ತೋರಿಸುತ್ತ, ಕೂಗಿ ಕೂಗಿ ಇಡೀ ಯೋಜನೆಯನ್ನೇ ತಿರುಗಿಸಿಬಿಡುತ್ತಿದ್ದರು. ನೀರಿನ ಬಣ್ಣ ಬದಲಾದದ್ದನ್ನು ಕಂಡು ಬಲೆ ಹಿಡಿದವರಿಗೆ ‘ತಡಿ’ ಎನ್ನುವ ತಾಂಡೇಲನ ನೆನಪು ನನಗೆ ಬರುತ್ತಿದ್ದುದು ಆಗಲೇ. ಋತುವಿನ ಅತ್ಯುತ್ತಮ ಆಟಗಾರನೆಂಬ ಗೌರವ ಅವರಿಗೆ ಐದು ಸಲ ಬಂದಿದೆ, ಬ್ರೇಡಿಯವರಿಗೆ ಮೂರು ಸಲ.

ಮ್ಯಾನಿಂಗ್‌ರ ದೋಷಗಳನ್ನು ಬಿಟ್ಟುಬಿಟ್ಟರೆ ಪತ್ರ ಅಪ್ರಾಮಾಣಿಕವಾದೀತು. ಪ್ಲೇಆಫ್‌ಗಳಲ್ಲಿ ಅವರ ಲೆಕ್ಕ 14 ಗೆಲುವು, 13 ಸೋಲು. ಆ 55 ಟಚ್‌ಡೌನ್‌ಗಳ ವರ್ಷದ ಸೂಪರ್ ಬೌಲ್‌ನಲ್ಲಿ ಮೊದಲ ಯತ್ನದಲ್ಲೇ ಚೆಂಡು ತಲೆಯ ಮೇಲಿಂದ ಹಾರಿಹೋಗಿ, ಕೊನೆಗೆ ಸಿಯಾಟಲ್ ಎದುರು 43-8ರಿಂದ ಸೋತರು. 2015ರ ಋತುವಿನ ಪ್ರಶಸ್ತಿಯನ್ನಂತೂ ನಾನು ಅವರ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಆ ವರ್ಷ ಅವರು ಎಸೆದ ಟಚ್‌ಡೌನ್ 9, ಎದುರಾಳಿಯ ಕೈಗೆ ಸಿಕ್ಕ ಎಸೆತ 17, ಗೆಲ್ಲಿಸಿದ್ದು ಡೆನ್ವರಿನ ರಕ್ಷಣಾ ಪಡೆ. ಬ್ರೇಡಿಯವರ 13-3ಕ್ಕೆ ಹಾಕಿದ ಕೊಕ್ಕೆಯನ್ನು ಇಲ್ಲಿಯೂ ಹಾಕಬೇಕಲ್ಲವೇ? ಹಾಗೆ ಕಳೆದರೆ ಮ್ಯಾನಿಂಗ್‌ಗೆ ಉಳಿಯುವುದು ಒಂದೇ ಉಂಗುರ. ಆದರೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ: ವೃತ್ತಿಜೀವನಗಳಲ್ಲಿ ಬ್ರೇಡಿಯವರದ್ದು ಅತಿದೊಡ್ಡದು, ಕ್ವಾರ್ಟರ್‌ಬ್ಯಾಕಿನ ಕೆಲಸವನ್ನು ಅತಿ ಚೆನ್ನಾಗಿ ಮಾಡಿದವರು ಮ್ಯಾನಿಂಗ್.

ಜೋ ಮೊಂಟಾನಾ ಅವರ ಬಗ್ಗೆಯೂ ಒಂದು ಸಾಲು ಬರೆಯದಿದ್ದರೆ ಹಳೆಯ ಅಭಿಮಾನಿಗಳು ಕ್ಷಮಿಸಲಾರರು. ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಗೆದ್ದು, ಆ ನಾಲ್ಕರಲ್ಲಿ 11 ಟಚ್‌ಡೌನ್ ಎಸೆದು, ಎದುರಾಳಿಗೆ ಒಂದು ಚೆಂಡನ್ನೂ ಒಪ್ಪಿಸದವರು ಅವರು. ನನ್ನ ಪಟ್ಟಿಯಲ್ಲಿ ಮೂರನೆಯ ಸ್ಥಾನ ಅವರದ್ದು. ಇನ್ನು ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್ ಈಗಾಗಲೇ ಮೂರು ಗೆದ್ದಿದ್ದಾರೆ, 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಎದುರು 40-22ರಿಂದ ಸೋತೂ ಇದ್ದಾರೆ. ಅವರ ಪ್ರಸಂಗ ಇನ್ನೂ ನಡೆಯುತ್ತಿದೆ; ಮಂಗಳ ಹಾಡುವ ಮೊದಲೇ ಎದ್ದು ವಿಮರ್ಶೆ ಬರೆಯುವ ಚಾಳಿ ನಮ್ಮ ಯಕ್ಷಗಾನದ ಪ್ರೇಕ್ಷಕರಿಗಿಲ್ಲ.

ಶಿರಸಿಯವರು ಉತ್ತರ ಬರೆಯುವುದಾದರೆ ಗ್ರಹಾಂರ ಹತ್ತು ವರ್ಷಗಳಿಗೂ 2008ರ ಆ 11 ಗೆಲುವುಗಳಿಗೂ ಮೊದಲು ಉತ್ತರಿಸಲೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕಾರವಾರ